ರೈಜನ್ 5600, 5500, ಕೋರ್ ಐ5-12400ಎಫ್: ಓವರ್‌ಕ್ಲಾಕ್ ಮಾಡುವವರಿಗೆ ಯಾವುದು?

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸುವುದು. ಎಎಮ್‌ಡಿಯ ಎರಡು ರೈಜನ್, ಇಂಟೆಲ್‌ನ ಒಂದು ಕೋರ್ ಐ5, ಈ ಮೂರು ಬಜೆಟ್ ಪ್ರೊಸೆಸರ್‌ಗಳಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಮೂರರಲ್ಲೂ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಬಾಕ್ಸ್ ಮೇಲೆ ಬರೆದದ್ದನ್ನು ಓದಿದರೆ ಯಾವುದನ್ನು ತಗೊಂಡರೂ ಒಂದೇ ಅನ್ನಿಸುತ್ತದೆ. ಒಂದೇ ಗ್ರಾಫಿಕ್ಸ್ ಕಾರ್ಡ್, ಅದೇ ಡಿಡಿಆರ್4 ರ‍್ಯಾಮ್ ಇಟ್ಟುಕೊಂಡು 1080ಪಿಯಲ್ಲಿ ಮೂರನ್ನೂ ಓಡಿಸಿ ನೋಡಿದೆ. ಒಂದೇ ಅಲ್ಲ.

ಮೊದಲು 5500 ವಿಷಯ ಮುಗಿಸಿಬಿಡುತ್ತೇನೆ. ಹೆಸರು ನೋಡಿದರೆ ಇದು 5600ರ ತಮ್ಮ ಇರಬೇಕು ಅನ್ನಿಸುತ್ತದೆ, ಆದರೆ ಒಳಗಿನ ಚಿಪ್ಪೇ ಬೇರೆ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, ಇದರಲ್ಲಿ 16 ಎಂಬಿ. ಕ್ಲಾಕ್, ಅಂದರೆ ಓಟದ ವೇಗ, ಏರಿಸಲು ಇದರಲ್ಲೂ ಬೀಗವಿಲ್ಲ. ಆದರೆ 4.5 ಗಿಗಾಹರ್ಟ್ಸ್ ದಾಟಿಸಿದ ಮೇಲೂ ಗೇಮ್‌ನಲ್ಲಿ ಅದು ಕ್ಲಾಕ್ ಏರಿಸದೆ ಹಾಗೇ ಬಿಟ್ಟ 5600ಕ್ಕೆ ಸಮ ಬರಲಿಲ್ಲ. ಈ ಅಂತರ ಸರಾಸರಿ ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಜಾಸ್ತಿ ಕಾಣುವುದು ಗೇಮ್ ಥಟ್ಟನೆ ತಡವರಿಸುವ ಕ್ಷಣಗಳಲ್ಲಿ, ಅಂದರೆ ಅತಿ ನಿಧಾನದ 1% ಫ್ರೇಮ್‌ಗಳನ್ನು ಅಳೆಯುವ 1% ಲೋ ಅಂಕಿಯಲ್ಲಿ. ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗೆ ಡೇಟಾ ಹೋಗುವ ದಾರಿ ಇದರಲ್ಲಿ ಹಳೆಯ ಪಿಸಿಐಇ 3.0 ಮಾತ್ರ. ಆರ್‌ಎಕ್ಸ್ 6500 ಎಕ್ಸ್‌ಟಿ ಥರ ಆ ದಾರಿಯ ನಾಲ್ಕೇ ಲೇನ್ ಬಳಸುವ ಅಗ್ಗದ ಕಾರ್ಡ್ ಹಾಕುವವರಿಗೆ ಇದು ನಿಜವಾದ ನಷ್ಟ.

12400ಎಫ್ ಹಾಕಿದ ಹಾಗೇ ಚೆನ್ನಾಗಿ ಓಡುತ್ತದೆ. ಗೇಮ್‌ನಲ್ಲಿ ಅದಕ್ಕೂ 5600ಕ್ಕೂ ಇರುವ ಅಂತರ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ಕ್ಲಾಕ್ ನಿರ್ಧರಿಸುವ ಗುಣಕಕ್ಕೆ, ಅಂದರೆ ಮಲ್ಟಿಪ್ಲೈಯರ್‌ಗೆ ಬೀಗ. ಇಂಟೆಲ್‌ನಲ್ಲಿ ಕ್ಲಾಕ್ ಏರಿಸಬೇಕಾದರೆ ಕೆ ಅಕ್ಷರದ ಪ್ರೊಸೆಸರ್ ಬೇಕು, ಝಡ್ ಸರಣಿಯ ಬೋರ್ಡೂ ಬೇಕು. ಅಲ್ಲಿಗೆ ಬಜೆಟ್ ಕಥೆ ಮುಗಿಯಿತು, ಅಲ್ವಾ? 2022ರ ಆರಂಭದಲ್ಲಿ ಆ ಮಲ್ಟಿಪ್ಲೈಯರ್ ಗುಣಿಸುವ ಮೂಲ ವೇಗವನ್ನೇ (ಬೇಸ್ ಕ್ಲಾಕ್) ಏರಿಸಿ ಇದೇ ಪ್ರೊಸೆಸರನ್ನು 5 ಗಿಗಾಹರ್ಟ್ಸ್ ದಾಟಿಸಿದವರಿದ್ದಾರೆ. ಅದಕ್ಕೆ ಹೊಂದುವ ಬೋರ್ಡ್‌ಗಳು ಹೆಚ್ಚಾಗಿ ದುಬಾರಿಯವು. ಆಮೇಲೆ ಬಂದ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ ಪ್ರೊಸೆಸರ್‌ನ ಒಳ ಸಾಫ್ಟ್‌ವೇರ್) ಆ ದಾರಿಯನ್ನೂ ಹಲವು ಬೋರ್ಡ್‌ಗಳಲ್ಲಿ ಮುಚ್ಚಿತು. ಉಳಿದದ್ದು ರ‍್ಯಾಮ್ ವೇಗ. ಅಲ್ಲೂ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಸಿಸ್ಟಮ್ ಏಜೆಂಟ್ ವೋಲ್ಟೇಜ್ ಏರಿಸಲು ಬಿಡುವುದಿಲ್ಲ, ಹಾಗಾಗಿ ಆ ಕಂಟ್ರೋಲರ್ ರ‍್ಯಾಮ್ ವೇಗಕ್ಕೆ ಸರಿಸಮ ಓಡುವ ಗೇರ್ 1ರಲ್ಲಿ ತುಂಬಾ ಮೇಲೆ ಹೋಗುವುದು ಕಷ್ಟ.

5600ರಲ್ಲಿ ಮಾಡಲು ಕೆಲಸವಿದೆ. ಬಿ450 ಅಥವಾ ಬಿ550 ಬೋರ್ಡ್ ಸಾಕು. ಎ520 ಮಾತ್ರ ಬೇಡ, ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಎಲ್ಲ ಕೋರ್‌ಗಳನ್ನೂ 4.6 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ ನೋಡಿದೆ. ರೆಂಡರಿಂಗ್‌ನಲ್ಲಿ ಲಾಭ ಕಂಡಿತು, ಗೇಮ್‌ನಲ್ಲಿ ಅಷ್ಟಕ್ಕಷ್ಟೆ. ನನಗೆ ಹಿಡಿಸಿದ್ದು ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಮಿತಿ ಸಡಿಲಿಸುವ ಪಿಬಿಒ, ಮತ್ತು ಕೋರ್‌ಗಳ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್. ಬೂಸ್ಟ್ ಮಿತಿಗೆ 200 ಮೆಗಾಹರ್ಟ್ಸ್ ಸೇರಿಸಿ, ಪ್ರತಿ ಕೋರ್‌ಗೂ ನೆಗೆಟಿವ್ ಆಫ್‌ಸೆಟ್ ಕೊಟ್ಟರೆ ಕಡಿಮೆ ವೋಲ್ಟೇಜ್‌ನಲ್ಲಿ 4.65ರ ಹತ್ತಿರ ಓಡುತ್ತದೆ. ಕೋರ್‌ಗಳು ಒಂದೇ ಗುಣದವಲ್ಲ. ಒಂದು ಮೈನಸ್ 30 ತಡೆದರೆ ಇನ್ನೊಂದು ಮೈನಸ್ 15ಕ್ಕೇ ಸುಸ್ತು. ಭಾರ ಹಾಕಿ ಪರೀಕ್ಷಿಸುವ ಸಿನಿಬೆಂಚ್ ಪಾಸ್ ಆಯಿತು ಅಂತ ನಂಬಬೇಡಿ. ಆಫ್‌ಸೆಟ್ ಅತಿಯಾದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ಭಾರ ಹೊತ್ತಾಗಲ್ಲ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಅನ್ನು ರಾತ್ರಿಯಿಡೀ ಓಡಿಸುವುದು ಮೇಲು. ಬಾಕ್ಸ್‌ನಲ್ಲಿ ಬರುವ ರೇತ್ ಸ್ಟೆಲ್ತ್ ಕೂಲರ್ ಈ ಆಟಕ್ಕೆ ಸಾಲದು.

ಕ್ಲಾಕ್‌ಗಿಂತ ಜಾಸ್ತಿ ಫಲ ಕೊಟ್ಟದ್ದು ರ‍್ಯಾಮ್. ಡಿಡಿಆರ್4-3600 ಹಾಕಿ, ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಅನ್ನು 1800 ಮೆಗಾಹರ್ಟ್ಸ್‌ನಲ್ಲಿ ರ‍್ಯಾಮ್‌ಗೆ ಸರಿಸಮ ಇಟ್ಟು, ಟೈಮಿಂಗ್ (ರ‍್ಯಾಮ್ ಉತ್ತರಿಸುವಾಗಿನ ಕಾಯುವಿಕೆ) ಬಿಗಿ ಮಾಡಿದಾಗ ಗೇಮ್‌ನ ತಡವರಿಕೆ ಕಡಿಮೆಯಾಯಿತು.

ಬಯೋಸ್ (ಬೋರ್ಡ್‌ನ ಸೆಟ್ಟಿಂಗ್ ಪುಟ) ಮುಟ್ಟುವ ಆಸಕ್ತಿಯೇ ಇಲ್ಲದವರು 12400ಎಫ್ ತಗೊಳ್ಳಲಿ. ನಾನು ಇಟ್ಟುಕೊಂಡದ್ದು 5600. ಮುಂದೆ ಅದೇ ಎಎಮ್4 ಸಾಕೆಟ್‌ನ ಬೋರ್ಡ್‌ಗೆ ರೈಜನ್ 5700ಎಕ್ಸ್3ಡಿ ಕೂರಿಸಬಹುದು. ಅದರಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಕ್ಲಾಕ್ 5600ಗಿಂತ ಕಡಿಮೆ. ಆದರೂ ಗೇಮ್‌ನಲ್ಲಿ ಮುಂದೆ. ತಮಾಷೆ ಅಂದರೆ ಅದರ ಮಲ್ಟಿಪ್ಲೈಯರ್‌ಗೂ ಬೀಗವಿದೆ.