ವಿಜಯಪುರದ ನಾಲಬಂದ: ಸಿಡುಕು ಕುದುರೆಗೆ ತಾಳ್ಮೆಯ ಕೈ

ಗೋಳಗುಮ್ಮಟದ ಕಡೆ ಟಾಂಗಾ ಕುದುರೆಗಳಿಗೆ ನಾಲ ಬಡಿಯುವ ಈ ನಾಲಬಂದರ ಕೈಗೆ ಓಟದ ಥರೋಬ್ರೆಡ್ ತಳಿಯ ಕುದುರೆಯನ್ನೂ ಧೈರ್ಯವಾಗಿ ಒಪ್ಪಿಸಬಹುದು. ಒದೆಯುವ, ಕಚ್ಚುವ ಕುದುರೆಯಾದರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಭುಜದಿಂದ ಕಾಲಿನವರೆಗೆ ಕೈಯಾಡಿಸಿ, ಕಾಲೆತ್ತಿ ಕ್ಷಣಹೊತ್ತು ಹಿಡಿದು ಬಿಡುತ್ತಾರೆ. ಅದು ಮೈ ಸಡಿಲಿಸಿದ ಮೇಲೆಯೇ ಸುತ್ತಿಗೆಗೆ ಕೈ ಹಾಕುವುದು.

ಸಿಡುಕಿದ್ದ ಮಾತ್ರಕ್ಕೆ ಕುದುರೆ ಕೆಟ್ಟದ್ದಲ್ಲ. ಅಮೆರಿಕದ ಓಟದ ಕುದುರೆ ಸಂಡೇ ಸೈಲೆನ್ಸ್ ಮಹಾ ಮುಂಗೋಪಿ. ಆದರೂ 1989ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ದೊಡ್ಡ ಓಟಗಳನ್ನು ಗೆದ್ದಿತು. ಒಟ್ಟು 14 ಓಟಗಳಲ್ಲಿ 9 ಗೆಲುವು, ಉಳಿದ ಐದರಲ್ಲೂ ಎರಡನೇ ಸ್ಥಾನ.

ಥರೋಬ್ರೆಡ್ ಗೊರಸಿನ ಗೋಡೆ ತೆಳು. ಗೊರಸಿನಡಿ ಗೋಡೆಯ ಒಳಅಂಚಿಗೆ ಕಾಣುವ ಬಿಳಿಗೆರೆಯನ್ನು ದಾಟಿ ಮೊಳೆ ಒಳಗೆ ಸರಿದರೆ ಜೀವಭಾಗಕ್ಕೆ ತಾಗಿ ಕುದುರೆ ಕುಂಟುತ್ತದೆ. ಇವರು ಸಣ್ಣ ಮೊಳೆ ಬಳಸಿ ಪ್ರತಿ ಪೆಟ್ಟಿನ ಸದ್ದಿಗೂ ಕಿವಿಗೊಡುತ್ತಾರೆ. ಸದ್ದು ಮೆತ್ತಗಾಯಿತೋ, ತಕ್ಷಣ ಕೀಳುತ್ತಾರೆ. ಬಲು ಅಪರೂಪದ ಶಿಸ್ತು ಇದು.

ಕೊರತೆ ಒಂದೇ: ಓಟದ ದಿನದ ಹಗುರ ಅಲ್ಯೂಮಿನಿಯಂ ನಾಲ ಇಲ್ಲಿ ಸಿಗುವುದಿಲ್ಲ, ನೀವೇ ಒಯ್ಯಬೇಕು. ತಾಲೀಮಿಗೆ ಕಬ್ಬಿಣದ್ದು ಸಾಕು. 4ರಿಂದ 6 ವಾರಕ್ಕೊಮ್ಮೆ ಬದಲಿಸಿ. ಬಿಸಿಲೇರುವ ಮುಂಚೆಯೇ ಹೋಗಿ. ನೊಣ ಕಾಡಿದರೆ ಸಾಧು ಕುದುರೆಯೂ ನಿಲ್ಲುವುದಿಲ್ಲ.