ಕಲಬುರಗಿಯ ವೀಸಾ ಸಲಹಾ ಕಚೇರಿ: ಕಾಗದಪತ್ರ ಅಚ್ಚುಕಟ್ಟು, ಖರ್ಚಿನ ಲೆಕ್ಕ ಅರ್ಧ

ನಿವೃತ್ತಿಯ ನಂತರ ಥೈಲ್ಯಾಂಡಿನ ಚಿಯಾಂಗ್ ಮಾಯ್‌ನಲ್ಲಿ ಒಂದು ವರ್ಷ ನೆಲೆಸುವ ಉದ್ದೇಶದಿಂದ ನಾನು ಮತ್ತು ನನ್ನ ಪತ್ನಿ ಕಲಬುರಗಿಯ ಸೂಪರ್ ಮಾರ್ಕೆಟ್ ಸಮೀಪದ ವೀಸಾ ಸಲಹಾ ಕಚೇರಿಯೊಂದರ ಸೇವೆ ಪಡೆದೆವು. ಕಾಗದಪತ್ರಗಳ ಮಟ್ಟಿಗೆ ಅವರ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಅಲ್ಲಿ ಬರೆದುಕೊಡುವ ತಿಂಗಳ ಖರ್ಚಿನ ಪಟ್ಟಿಯನ್ನು ನಂಬಿ ಯಾರೂ ಹೊರಡಬಾರದು.

ನಿವೃತ್ತರಿಗೆ ಥೈಲ್ಯಾಂಡ್ ನೀಡುವ ಒಂದು ವರ್ಷದ ‘ಓ-ಎ’ ವೀಸಾಕ್ಕೆ 50 ವರ್ಷ ತುಂಬಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್, ಅಂದರೆ 20 ಲಕ್ಷ ರೂಪಾಯಿಗೂ ಹೆಚ್ಚು ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನವಿರಬೇಕು. ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಆರೋಗ್ಯ ವಿಮೆಗಳೂ ಬೇಕು. ಸಿಬ್ಬಂದಿ ಇದೆಲ್ಲವನ್ನೂ ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸಿದರು. ಪಿಂಚಣಿ ಆದೇಶದಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಾಗಿದ್ದ ನನ್ನ ಹೆಸರನ್ನು ಮೊದಲ ದಿನವೇ ಗುರುತಿಸಿ, ಅರ್ಜಿ ಹಾಕುವ ಮುನ್ನವೇ ಸರಿಪಡಿಸಿಕೊಳ್ಳಲು ಹೇಳಿದರು. ನಮ್ಮ ಭಾಗದಲ್ಲಿ ತಂದೆಯ ಹೆಸರು, ಮನೆತನದ ಹೆಸರು ದಾಖಲೆಯಿಂದ ದಾಖಲೆಗೆ ಸ್ಥಾನ ಬದಲಿಸುವುದು ಸಾಮಾನ್ಯವಾದ್ದರಿಂದ, ಈ ಒಂದು ಎಚ್ಚರಕ್ಕಾಗಿಯೇ ಅವರಿಗೆ ಕೊಟ್ಟ ಶುಲ್ಕ ಸಾರ್ಥಕವೆನಿಸಿತು.

ಖರ್ಚಿನ ಪಟ್ಟಿಯಲ್ಲಿ ಮಾತ್ರ ಮನೆಬಾಡಿಗೆ, ಊಟ, ಓಡಾಟಗಳಷ್ಟೇ ಇದ್ದವು. ವಯಸ್ಸಿನೊಂದಿಗೆ ಏರುವ ವಿಮೆಯ ಕಂತು ಅದರಲ್ಲಿರಲಿಲ್ಲ. ದೀರ್ಘಕಾಲ ಹೊರದೇಶದಲ್ಲಿ ನೆಲೆಸುವವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಖಾತೆಯಾಗಿ, ಬದಲಿಸಬೇಕೆಂಬುದನ್ನು ನಾವು ಬ್ಯಾಂಕಿನಲ್ಲಿ ವಿಚಾರಿಸಿ ತಿಳಿಯಬೇಕಾಯಿತು. ಈ ವೀಸಾದಲ್ಲಿ ಯಾವ ದುಡಿಮೆಗೂ ಅವಕಾಶವಿಲ್ಲ. ಆದ್ದರಿಂದ ಅಲ್ಲಿ ಮಕ್ಕಳಿಗೆ ಪಾಠ ಹೇಳಿ ಖರ್ಚು ಸರಿದೂಗಿಸಿಕೊಳ್ಳಬಹುದೆಂಬ ಆಸೆ ನಿವೃತ್ತ ಶಿಕ್ಷಕರಿಗೆ ಬೇಡ. ಪ್ರತಿ 90 ದಿನಕ್ಕೊಮ್ಮೆ ವಲಸೆ ಇಲಾಖೆಗೆ ವಿಳಾಸ ವರದಿ ಮಾಡಬೇಕೆಂಬ ನಿಯಮವನ್ನು ಅವರು ಹೇಳಿದ್ದು ನಾವು ಕೇಳಿದ ಮೇಲೆ.

ನನಗೆ ಬೇಸರ ತಂದ ಸಂಗತಿ ಬೇರೆ. ಕಲಬುರಗಿಯ ಬಿಸಿಲಿನಿಂದ ಪಾರಾಗಲು ಮಾರ್ಚ್‌ನಲ್ಲೇ ಹೊರಡಿ, ಆಗ ಬಾಡಿಗೆಯೂ ಅಗ್ಗ ಎಂದು ಸಲಹೆ ಕೊಟ್ಟರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥೈಲ್ಯಾಂಡಿನಲ್ಲಿ ಹೊಲದ ಕೂಳೆ ಮತ್ತು ಕಾಡು ಉರಿದು ಎದ್ದ ಹೊಗೆ ಗುಡ್ಡಗಳ ನಡುವಿನ ಚಿಯಾಂಗ್ ಮಾಯ್ ಊರನ್ನು ಕವಿದಿರುತ್ತದೆ. ನನ್ನ ಪತ್ನಿಗೆ ಉಬ್ಬಸವಿರುವುದು ಅವರಿಗೆ ಕೊಟ್ಟ ವೈದ್ಯಕೀಯ ದಾಖಲೆಯಲ್ಲೇ ಇತ್ತು. ಅರ್ಜಿಯನ್ನು ಇದೇ ಕಚೇರಿಯ ಮೂಲಕ ಮುಂದುವರಿಸಿದ್ದೇವೆ. ಪ್ರಯಾಣವನ್ನು ಮಾತ್ರ, ಪಿಂಚಣಿಗೆ ಜೀವಿತ ಪ್ರಮಾಣಪತ್ರ ಸಲ್ಲಿಸಿದ ಮೇಲೆ, ನವೆಂಬರ್ ಕೊನೆಗೆ ಇಟ್ಟುಕೊಂಡಿದ್ದೇವೆ.