ಎಕ್ಸಿಕ್ಯುಟಿವ್ ಲೌಂಜ್: ಮಕ್ಕಳನ್ನು ಒಳಗೆ ಬಿಡಿ, ನಿಯಮ ಏನಿದ್ದರೂ ದುಡ್ಡು ತಗೊಳ್ಳೋ ಮುಂಚೆ ಹೇಳಿ

ದೊಡ್ಡ ಹೋಟೆಲ್‌ಗಳ ಎಕ್ಸಿಕ್ಯುಟಿವ್ ಲೌಂಜ್‌ಗಳನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲು ಒಬ್ಬಳೇ, ಕೆಲಸದ ಮೇಲೆ ಓಡಾಡುವಾಗ. ಈಗ ಹೆಚ್ಚಾಗಿ ಗಂಡ, ಮಗಳ ಜೊತೆ. ಹಾಗಾಗಿ ಲೌಂಜಿಗೆ ಮಕ್ಕಳನ್ನು ಬಿಡಬೇಕಾ ಬೇಡ್ವಾ ಅನ್ನೋ ಜಗಳದಲ್ಲಿ ಎರಡೂ ಕಡೆಯವರ ಕಷ್ಟ ನನಗೆ ಗೊತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಿಡಬೇಕು. ಸಂಜೆ ಮದ್ಯ ಕೊಡುವ ಹೊತ್ತಿಗೆ ಮಾತ್ರ ಏನಾದರೂ ನಿಯಮ ಇರಲಿ, ಬೇಡ ಅನ್ನಲ್ಲ. ಆದರೆ ಆ ನಿಯಮ ರೂಮ್ ಬುಕ್ ಮಾಡುವ ಪುಟದಲ್ಲೇ ಕಣ್ಣಿಗೆ ಬೀಳಬೇಕು.

ಇನ್ನೂ ಹೋಗಿ ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬೆಳಿಗ್ಗೆ ತಿಂಡಿ, ದಿನವಿಡೀ ಕಾಫಿ ಟೀ, ಮಧ್ಯಾಹ್ನ ಒಂದಿಷ್ಟು ಕುರುಕಲು, ಸಂಜೆ ಸುಮಾರು ಎರಡು ಗಂಟೆ ಕಾಲ ಮದ್ಯ ಮತ್ತು ಬಿಸಿ ತಿನಿಸು. ಇದನ್ನೆಲ್ಲಾ ಕೆಲವು ಅತಿಥಿಗಳಿಗೆ ಮಾತ್ರ ಕೊಡುವ ಕೋಣೆ, ಲೌಂಜ್ ಅಂದರೆ ಇಷ್ಟೇ. ಒಳಗೆ ಹೋಗಲು ಎರಡು ದಾರಿ ಇವೆ. ಜಾಸ್ತಿ ದುಡ್ಡು ಕೊಟ್ಟು ಕ್ಲಬ್ ರೂಮ್ ತಗೊಳ್ಳಬಹುದು. ಇಲ್ಲಾಂದರೆ ಒಂದೇ ಕಂಪನಿಯ ಹೋಟೆಲ್‌ಗಳಲ್ಲಿ ಪದೇ ಪದೇ ಉಳಿದು ಸದಸ್ಯತ್ವದ ಮೇಲಿನ ಹಂತ ಮುಟ್ಟಬಹುದು. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 50 ರಾತ್ರಿ ಉಳಿದರೆ ಪ್ಲಾಟಿನಂ, ಹಯಾತ್‌ನಲ್ಲಿ 60 ರಾತ್ರಿಗೆ ಗ್ಲೋಬಲಿಸ್ಟ್. ಅದೇ ಕಂಪನಿಯ ಎಲ್ಲಾ ಹೋಟೆಲ್‌ಗಳಲ್ಲೂ ಲೌಂಜ್ ಇರುತ್ತದೆ ಅಂತೇನೂ ಇಲ್ಲ, ಅದನ್ನೂ ನೋಡಿಕೊಂಡೇ ಬುಕ್ ಮಾಡಬೇಕು.

ಈಗ ಜಗಳದ ವಿಷಯಕ್ಕೆ ಬರೋಣ. ಬೆಳಿಗ್ಗೆ ತಿಂಡಿ ಹೊತ್ತಿಗೆ ಮಕ್ಕಳು ಇದ್ದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ಮಧ್ಯಾಹ್ನ ಲೌಂಜ್ ಹೇಗೂ ಖಾಲಿ ಹೊಡೆಯುತ್ತಿರುತ್ತದೆ. ತಕರಾರು ಪೂರ್ತಿ ಇರುವುದು ಸಂಜೆ ಐದೂವರೆಯಿಂದ ಏಳೂವರೆ ತನಕ. ಒಂದು ವಿಷಯ ಗಮನಿಸಿ. ಚಿಕ್ಕ ಮಕ್ಕಳಿಗೆ ಹಸಿವಾಗುವುದು, ದಿನವಿಡೀ ಸುತ್ತಿ ಸುಸ್ತಾಗಿ ಕಿರಿಕಿರಿ ಶುರುವಾಗುವುದು ಅದೇ ಹೊತ್ತಿನಲ್ಲಿ. ಮೀಟಿಂಗ್ ಮುಗಿಸಿ ಬಂದವರು ಒಂದು ಗ್ಲಾಸ್ ಹಿಡಿದು ಸುಮ್ನೆ ಕೂರೋಣ ಅಂದುಕೊಳ್ಳುವುದೂ ಅದೇ ಹೊತ್ತಿನಲ್ಲಿ. ಇಬ್ಬರೂ ದುಡ್ಡು ಕೊಟ್ಟಿದ್ದಾರೆ, ಇಬ್ಬರು ಕೇಳುವುದರಲ್ಲೂ ನ್ಯಾಯ ಇದೆ. ಹೋಟೆಲ್ ಮಾತ್ರ ಒಂದೇ ಕೋಣೆಯನ್ನು ಇಬ್ಬರಿಗೂ ಮಾರಿ, ಆಮೇಲೆ ನೀವು ನೀವೇ ಹೊಂದಿಕೊಳ್ಳಿ ಅಂತ ಕೈ ತೊಳೆದುಕೊಳ್ಳುತ್ತದೆ. ನನಗೆ ಸಿಟ್ಟು ಬರುವುದೇ ಇಲ್ಲಿ.

ಒಂದು ಹೋಟೆಲ್‌ನಲ್ಲಿ ನಮಗಾದದ್ದು ಹೇಳುತ್ತೇನೆ, ಹೆಸರು ಬೇಡ. ಕ್ಲಬ್ ರೂಮ್‌ಗೆ ಅಂತಲೇ ಹೆಚ್ಚು ದುಡ್ಡು ಕೊಟ್ಟಿದ್ದೆವು. ಮೂವರು ಅಂತ ಬುಕಿಂಗ್‌ನಲ್ಲಿ ಬರೆದಿದ್ದೆವು, ಮಗಳ ವಯಸ್ಸನ್ನೂ ಹಾಕಿದ್ದೆವು. ಚೆಕ್‌ಇನ್ ಮಾಡುವಾಗ ಲೌಂಜ್ ಬಗ್ಗೆ ಕೌಂಟರ್‌ನಲ್ಲಿದ್ದವರು ನಗುನಗುತ್ತಾ ಎಲ್ಲಾ ವಿವರಿಸಿದರು. ಸಂಜೆ ಹೋದರೆ ಬಾಗಿಲಲ್ಲೇ ಒಬ್ಬ ಹುಡುಗಿ ತಡೆದಳು. "ಕ್ಷಮಿಸಿ ಮೇಡಂ, ಐದೂವರೆ ಮೇಲೆ ಹನ್ನೆರಡು ವರ್ಷದ ಒಳಗಿನವರನ್ನು ಬಿಡಲ್ಲ." ಪಾಪ, ಅವಳ ಮುಖ ನೋಡಿದರೆ ಆ ಸಂಜೆ ಅದೇ ಮಾತನ್ನು ಇನ್ನೂ ಎಷ್ಟು ಜನಕ್ಕೆ ಹೇಳಿದ್ದಳೋ ಅನ್ನಿಸಿತು. ಮಗಳು ಗಾಜಿನ ಬಾಗಿಲಿನಿಂದ ಒಳಗಿದ್ದ ಹಣ್ಣಿನ ತಟ್ಟೆ ನೋಡುತ್ತಾ ನಿಂತಿದ್ದಳು. ನಾನೇನು ತಪ್ಪು ಮಾಡಿದೆ ಅಂತ ಕೇಳಿದಳು. ತಿನಿಸನ್ನು ರೂಮ್‌ಗೆ ತಗೊಂಡು ಹೋಗಬಹುದಾ ಅಂದರೆ ಅದಕ್ಕೂ ಇಲ್ಲ. ಕೊನೆಗೆ ಗಂಡ ಮೊದಲು ಹೋಗಿ ಬಂದರು, ಆಮೇಲೆ ನಾನು ಹೋದೆ. ಮಗಳಿಗೆ ರೂಮ್ ಸರ್ವೀಸ್‌ನಲ್ಲಿ ಬೇರೆ ದುಡ್ಡು ಕೊಟ್ಟು ತರಿಸಿದೆವು. ಮೂರು ಜನರ ಹೆಸರಲ್ಲಿ ತಗೊಂಡ ಸೌಲಭ್ಯ ಹೀಗೆ ಪಾಳಿ ಮೇಲೆ ಬಳಸುವ ಹಾಗಾಯಿತು.

ಆ ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೊದಲೇ ತಿಳಿಸಿದ್ದರೆ ಸಾಮಾನ್ಯ ರೂಮ್ ತಗೊಂಡು, ಉಳಿದ ದುಡ್ಡಲ್ಲಿ ಮೂವರೂ ಒಟ್ಟಿಗೆ ಹೊರಗೆ ಊಟ ಮಾಡುತ್ತಿದ್ದೆವು, ಅಷ್ಟೇ. ವಿಮಾನದವರು ಇದನ್ನು ಯಾವತ್ತೋ ಕಲಿತಿದ್ದಾರೆ. ಏರ್‌ಏಷ್ಯಾ ಎಕ್ಸ್ ಮತ್ತು ಸ್ಕೂಟ್ 2013ರಲ್ಲೇ ಚಿಕ್ಕ ಮಕ್ಕಳಿಲ್ಲದ ಸಾಲುಗಳನ್ನು ಬೇರೆ ಮಾಡಿದವು. ಸ್ಕೂಟ್‌ನಲ್ಲಿ 12 ವರ್ಷದ ಗೆರೆ. ಅದು ಸರಿಯೋ ತಪ್ಪೋ, ಸೀಟು ಆರಿಸುವಾಗಲೇ ಗೊತ್ತಾಗುತ್ತಿತ್ತಲ್ಲ. ಮಗು ಇರುವವರು ಬೇರೆ ಸಾಲು ತಗೊಂಡರು, ಯಾರಿಗೂ ಅವಮಾನ ಆಗಲಿಲ್ಲ. ಒಂದು ರಾತ್ರಿಗೆ ಅಷ್ಟೊಂದು ದುಡ್ಡು ಕೇಳುವ ಹೋಟೆಲ್‌ಗೆ ಒಂದು ಸಾಲು ಬರೆಯುವುದು ಕಷ್ಟನಾ?

ಕೆಲವು ಕಡೆ "ಇದು ಕಾನೂನು" ಅನ್ನುತ್ತಾರೆ. ಮದ್ಯಕ್ಕೆ ವಯಸ್ಸಿನ ಮಿತಿ ಒಂದೊಂದು ದೇಶದಲ್ಲಿ ಒಂದೊಂದು, ಅಮೆರಿಕದಲ್ಲಿ 21, ಜಪಾನ್‌ನಲ್ಲಿ 20, ಬ್ರಿಟನ್‌ನಲ್ಲಿ 18. ಆದರೆ ಮದ್ಯ ಕುಡಿಯುವ ವಯಸ್ಸು ಬೇರೆ, ಮದ್ಯ ಕೊಡುವ ಕೋಣೆಯಲ್ಲಿ ಅಪ್ಪ ಅಮ್ಮನ ಜೊತೆ ಕೂರುವುದು ಬೇರೆ. ಎರಡನೆಯದಕ್ಕೂ ನಿರ್ಬಂಧ ಇರುವ ಕಡೆ ಹೋಟೆಲ್ ಏನೂ ಮಾಡಕ್ಕಾಗಲ್ಲ, ಒಪ್ಪುತ್ತೇನೆ. ಆದರೆ ಹನ್ನೆರಡು ಅನ್ನೋ ಗೆರೆ ಕಂಡರೆ ಅದು ಹೋಟೆಲ್ ತಾನೇ ಹಾಕಿಕೊಂಡ ನಿಯಮ ಆಗಿರೋ ಸಾಧ್ಯತೆ ಜಾಸ್ತಿ. ಯಾಕಂದರೆ ಈ ದೇಶಗಳಲ್ಲಿ ಹದಿಮೂರು ವರ್ಷದವನಿಗೂ ಮದ್ಯ ಮಾರುವ ಹಾಗಿಲ್ಲ, ಅಲ್ವಾ?

ಇನ್ನು ಲೌಂಜ್ ಕೆಟ್ಟುಹೋಯಿತು, ಮಕ್ಕಳಿಂದಲೇ ಕೆಟ್ಟಿತು ಅನ್ನುವವರಿಗೆ. ಕೆಟ್ಟಿದೆ ಅನ್ನೋದು ನಿಜ. ಸಂಜೆ ಆರಕ್ಕೆ ಹೋದರೆ ಕುರ್ಚಿ ಸಿಗಲ್ಲ, ತಟ್ಟೆ ಖಾಲಿಯಾದರೆ ತುಂಬುವವರಿಲ್ಲ. ಆದರೆ ಕಾರಣ ಬೇರೆ. ಅಮೆರಿಕದಲ್ಲಿ ಮ್ಯಾರಿಯಟ್‌ನ ಬ್ರಿಲಿಯಂಟ್ ಕ್ರೆಡಿಟ್ ಕಾರ್ಡ್ ತಗೊಂಡರೆ ಪ್ಲಾಟಿನಂ ಕೈಗೆ ಬರುತ್ತದೆ, ಹಿಲ್ಟನ್‌ನ ಆಸ್ಪೈರ್ ಕಾರ್ಡ್‌ಗೆ ಅವರ ಮೇಲಿನ ಹಂತವಾದ ಡೈಮಂಡ್. ಒಂದು ರಾತ್ರಿಯೂ ಉಳಿಯಬೇಕಿಲ್ಲ. ಒಳಗೆ ಬರುವ ಹಕ್ಕನ್ನು ಇಷ್ಟು ಜನಕ್ಕೆ ಹಂಚಿ ಕೋಣೆ ಮಾತ್ರ ಹಳೆಯ ಅಳತೆಯದೇ ಉಳಿದರೆ ಏನಾಗುತ್ತದೆ? ಸದ್ದು ಜಾಸ್ತಿಯಾಗುತ್ತದೆ, ಆ ಸದ್ದಿನಲ್ಲಿ ಮಗುವಿನ ದನಿ ಎತ್ತರದ್ದಾದ್ದರಿಂದ ಅದೇ ಎದ್ದು ಕೇಳುತ್ತದೆ. ಫೋನ್ ಸ್ಪೀಕರ್‌ಗೆ ಹಾಕಿ ಅರ್ಧ ಗಂಟೆ ಆಫೀಸ್ ಮಾತು ಆಡುವವರನ್ನು ಯಾರೂ ಹೊರಗೆ ಕಳಿಸಿದ್ದು ನಾನು ಇದುವರೆಗೂ ನೋಡಿಲ್ಲ. ಕಲ್ಲಿನ ನೆಲ, ಗಾಜಿನ ಗೋಡೆ, ಮರದ ಮೇಜು ಇಟ್ಟು ಕಾರ್ಪೆಟ್, ಪರದೆ ಎಲ್ಲಾ ತೆಗೆದುಹಾಕುವ ಫ್ಯಾಷನ್ ಬಂದ ಮೇಲಂತೂ ಒಂದು ಚಮಚ ಬಿದ್ದರೂ ಕೋಣೆ ಪೂರ್ತಿ ಕೇಳುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಕಾಫಿ ಮಷಿನ್. ಹೆಚ್ಚಿನ ಲೌಂಜ್‌ಗಳಲ್ಲಿ ಅದು ಸ್ವಯಂಸೇವೆಯ ಕಟ್ಟೆಯ ಅಂಚಿನಲ್ಲೇ ಇರುತ್ತದೆ. ಬಿಸಿನೀರಿನ ನಳ ಐದಾರು ವರ್ಷದ ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ಹಾಲು, ಬಿಸಿನೀರು, ಕಾಫಿ ಎಲ್ಲದಕ್ಕೂ ಚಿತ್ರದ ಗುಂಡಿ, ಒತ್ತಿದರೆ ಸಾಕು. ಮಕ್ಕಳಿಗೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತದೆ. ಒಂದು ಸಲ ಒಬ್ಬ ಪುಟ್ಟ ಹುಡುಗ ಕಪ್ ಇಡದೆ ಗುಂಡಿ ಒತ್ತಿ, ಇನ್ನೊಂದು ಕೈಯನ್ನು ನಳದ ಕೆಳಗೆ ಒಡ್ಡುವುದರಲ್ಲಿದ್ದ. ಪಕ್ಕದಲ್ಲಿದ್ದ ಯಾರೋ ಅಪರಿಚಿತರು ಅವನ ತೋಳು ಹಿಡಿದು ಎಳೆದರು. 60 ಡಿಗ್ರಿ ನೀರೇ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಮಕ್ಕಳ ಚರ್ಮ ತೆಳು, ಅವರಿಗೆ ಇನ್ನೂ ಬೇಗ. ಕಾಫಿ ಇಳಿಯುವುದು 90 ಡಿಗ್ರಿ ಆಸುಪಾಸಿನಲ್ಲಿ. ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು: ಮಗುವಿನ ಕೈಗೆ ತಟ್ಟೆ ಕೊಟ್ಟು ಕಟ್ಟೆಗೆ ಒಬ್ಬರನ್ನೇ ಕಳಿಸಬೇಡಿ. ನೀವು ಕಿಟಕಿ ಪಕ್ಕ ಕೂತು ಕಣ್ಣಿಟ್ಟಿದ್ದೇನೆ ಅಂದುಕೊಂಡರೆ ಸಾಲದು, ಅಲ್ಲಿಂದ ಓಡಿ ಬರುವಷ್ಟರಲ್ಲಿ ಆಗುವುದೆಲ್ಲಾ ಆಗಿರುತ್ತದೆ. ಸಿಬ್ಬಂದಿ ನೋಡಿಕೊಳ್ಳುತ್ತಾರೆ ಅಂತಲೂ ಬಿಡಬೇಡಿ. ಎಷ್ಟೋ ಕಡೆ ಒಬ್ಬರೇ ಇರುತ್ತಾರೆ, ರೂಮ್ ನಂಬರ್ ಕೇಳುವುದು, ತಟ್ಟೆ ಎತ್ತುವುದು, ಗ್ಲಾಸ್ ತುಂಬುವುದು ಎಲ್ಲಾ ಅವರದೇ.

ಹಾಗಾದರೆ ಚೆನ್ನಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ. ನಾನು ಉಳಿದ ಇನ್ನೊಂದು ಹೋಟೆಲ್‌ನಲ್ಲಿ, ಸಂಜೆ ಹೊತ್ತಿಗೆ ತಿಂಡಿ ಕೋಣೆಯ ಒಂದು ಭಾಗವನ್ನು ಮಕ್ಕಳಿರುವವರಿಗೆ ಬಿಟ್ಟುಕೊಟ್ಟಿದ್ದರು. ಲೌಂಜ್‌ನಲ್ಲಿದ್ದ ತಿನಿಸೇ ಅಲ್ಲೂ, ಕಾಫಿ ಬೇಕಾದರೆ ತಂದುಕೊಡುತ್ತಿದ್ದರು, ದೊಡ್ಡವರಿಗೆ ಒಂದು ಗ್ಲಾಸ್ ವೈನ್ ಕೂಡ. ಕುರ್ಚಿಗಳು ತಗ್ಗು, ನೆಲದ ಮೇಲೆ ಕಾರ್ಪೆಟ್. ಮಗಳು ಹೊಟ್ಟೆ ತುಂಬಾ ತಿಂದು ಅಲ್ಲೇ ಚಿತ್ರ ಬರೆಯುತ್ತಾ ಕೂತಳು. ನಾನು ಬೇಕೆಂದೇ ಲೌಂಜ್ ಕಡೆಗೂ ಹೋಗಿ ನೋಡಿಬಂದೆ. ತಣ್ಣಗೆ, ನಿಶ್ಶಬ್ದವಾಗಿತ್ತು, ಒಬ್ಬಳೇ ಓಡಾಡುತ್ತಿದ್ದಾಗ ನನಗೆ ಬೇಕಿದ್ದದ್ದು ಅದೇ. ಇದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ, ಬೀಗ ಹಾಕಿದ ಖಾಲಿ ಕೋಣೆಯ ಬೀಗ ತೆಗೆದರು, ಇಬ್ಬರು ಸಿಬ್ಬಂದಿ ಹಾಕಿದರು.

ಲೌಂಜ್‌ಗೆ ದುಡ್ಡು ಕೊಡುವುದು ದಂಡವಲ್ಲವಾ ಅಂತ ಕೇಳಿದರೆ ನನ್ನ ಉತ್ತರ ಹೀಗೆ. ಒಬ್ಬರೇ ಹೋಗುವುದಾದರೆ, ಬೆಳಿಗ್ಗೆ ತಿಂಡಿ ಮತ್ತು ಸಂಜೆ ಎರಡನ್ನೂ ಬಳಸುವುದಾದರೆ, ಖಂಡಿತ ಕೊಡಿ. ಚಿಕ್ಕ ಮಕ್ಕಳಿದ್ದು ಸಂಜೆಗೆ ನಿರ್ಬಂಧ ಇದ್ದರೆ ಕೊಡಬೇಡಿ, ತಿಂಡಿ ಸೇರಿದ ಸಾಮಾನ್ಯ ರೂಮ್ ಸಾಕು. ಬುಕ್ ಮಾಡುವ ಮುಂಚೆ ಹೋಟೆಲ್‌ಗೆ ನೇರವಾಗಿ ಇಮೇಲ್ ಹಾಕಿ. ಕಂಪನಿಯ ಸಹಾಯವಾಣಿಗೆ ಬೇಡ, ಅವರಿಗೆ ಒಂದೊಂದು ಹೋಟೆಲ್‌ನ ನಿಯಮ ಗೊತ್ತಿರಲ್ಲ. ಮಗುವಿನ ವಯಸ್ಸು ಬರೆಯಿರಿ, ಸಂಜೆ ಎಷ್ಟು ಹೊತ್ತಿನಿಂದ ಬಿಡಲ್ಲ ಅಂತ ಕೇಳಿ, ಬಿಡದಿದ್ದರೆ ಮಗುವಿನ ಊಟಕ್ಕೆ ಏನು ಏರ್ಪಾಡು ಅಂತಲೂ ಕೇಳಿ. ಉತ್ತರವನ್ನು ಫೋನ್‌ನಲ್ಲಿ ಉಳಿಸಿಕೊಂಡು ಹೋಗಿ. ಬಾಗಿಲಲ್ಲಿ ನಿಂತ ಹುಡುಗಿಯ ಜೊತೆ ವಾದ ಮಾಡಬೇಡಿ, ನಿಯಮ ಮಾಡಿದ್ದು ಅವಳಲ್ಲ. ಡ್ಯೂಟಿ ಮ್ಯಾನೇಜರ್‌ನ ಕರೆಸಿ, ಆ ಇಮೇಲ್ ತೋರಿಸಿ.